ಅರಿಶಿನ ಹೊಳೆಯುವ ದೀಪ

ಮಹಾನಂದಾ ತಲೆಗೆ ಎಣ್ಣೆ ಹಚ್ಚುವುದನ್ನು ಬಿಟ್ಟು ಒಂಬತ್ತು ವರ್ಷವಾಗಿತ್ತು. ಬೈಲಹೊಂಗಲದ ಬಜಾರದ ಹಿಂದಿನ ಓಣಿಯಲ್ಲಿ ಅವಳು ಎರಡು ಖೋಲಿಯ ಬಾಡಿಗೆ ಮನೆಯಲ್ಲಿದ್ದಳು. ಗಂಡ ಸತ್ತವಳು, ಮಕ್ಕಳಿಲ್ಲ, ಯಾರು ನೋಡಲೆಂದು ತಲೆ ಬಾಚಿಕೊಂಡಾಳು ಎಂದು ಓಣಿಯವರು ತಮಗೆ ತಾವೇ ಕಾರಣ ಹೇಳಿಕೊಂಡಿದ್ದರು. ನಿಜವಾದ ಕಾರಣ ಬೇರೆಯಿತ್ತು. ಕೇಳಿದವರಿಲ್ಲವಾದ್ದರಿಂದ ಅವಳೂ ಹೇಳಲು ಹೋಗಲಿಲ್ಲ.

ಕಿತ್ತೂರಿನಾಚೆ, ಹೆದ್ದಾರಿಯ ಬದಿಗೆ, ತಗಡಿನ ಮಾಡಿನ ಕಾರ್ಖಾನೆಯೊಂದಿತ್ತು. ಮೊದಲು ಅಲ್ಲಿ ಟ್ರ್ಯಾಕ್ಟರಿನ ಭಾಗಗಳನ್ನು ಮಾಡುತ್ತಿದ್ದರು. ಆಮೇಲೆ ಬೆಂಗಳೂರಿನಲ್ಲಿ ತಯಾರಾಗುವ ರಾಕೆಟ್ ಎಂಜಿನ್ನಿಗೆ ಬೇಕಾದ ಉಕ್ಕಿನ ಪುಟ್ಟ ಕೊಳವೆಗಳ ಕೆಲಸ ಬಂತು. ಕಿರುಬೆರಳಿನಷ್ಟು ಉದ್ದ, ಮೈಯಲ್ಲಿ ಸೂಜಿಮೊನೆಯಷ್ಟು ತೂತುಗಳು. ಕೆಲಸಗಾರರು ಅದನ್ನು ‘ಪೀಪಿ’ ಎಂದು ಕರೆಯುತ್ತಿದ್ದರು. ಒಂದೊಂದು ಎಂಜಿನ್ನಿನಲ್ಲಿ ಇಂಥ ನೂರಾರು ಪೀಪಿಗಳು. ಅವುಗಳ ಮೂಲಕ ದ್ರವವಾಗುವಷ್ಟು ತಣಿಸಿದ ಆಮ್ಲಜನಕ ಚಿಮ್ಮಿ, ಅಷ್ಟೇ ತಣಿಸಿದ ಜಲಜನಕದೊಡನೆ ಸೇರಿ ಹೊತ್ತಿಕೊಳ್ಳಬೇಕು. ಆ ಆಮ್ಲಜನಕದ ಹಾದಿಯಲ್ಲಿ ಒಂದು ಹನಿ ಎಣ್ಣೆಯಿದ್ದರೂ ಸಾಕು, ಹೊತ್ತಬಾರದ ಕಡೆಯಲ್ಲಿ ಹೊತ್ತೀತು, ಎಂಜಿನ್ನೇ ಹೋದೀತು.

ಅದಕ್ಕಾಗಿ ಕಾರ್ಖಾನೆಯ ಒಂದು ತುದಿಗೆ ಗಾಜಿನ ಗೋಡೆಯ ಖೋಲಿ ಕಟ್ಟಿಸಿದ್ದರು. ಸೋಸಿದ ಗಾಳಿಯನ್ನಷ್ಟೇ ಅಲ್ಲಿ ಒಳಗೆ ಬಿಡುತ್ತಿದ್ದರು. ತೊಳೆದು ಒಣಗಿಸಿದ ಪೀಪಿಗಳನ್ನು ಅಲ್ಲಿ ಮೊದಲು ಬಿಳಿ ಬೆಳಕಿನಲ್ಲಿ, ಆಮೇಲೆ ನೇರಳೆ ದೀಪದಡಿ ನೋಡಬೇಕು. ಕಣ್ಣಿಗೆ ಕಾಣದ ಎಣ್ಣೆಯ ಪಸೆ ಆ ದೀಪದಡಿ ಬೆಳ್ಳಗೆ, ನೀಲಿಯಾಗಿ ಹೊಳೆಯುತ್ತದೆ. ನೋಡಿದ್ದಾದ ಮೇಲೆ ಎರಡೆರಡು ಚೀಲದಲ್ಲಿ ಹಾಕಿ ಬೆಸೆದು, ಕಾಗದದ ಮೇಲೆ ಸಹಿ ಮಾಡಬೇಕು. ಆ ಸಹಿ ಮಹಾನಂದಾಳದು. ಒಳಗೆ ಹೋಗುವವರು ಎಣ್ಣೆ ಹಚ್ಚಿರಬಾರದು, ಹೂವು ಮುಡಿದಿರಬಾರದು, ಪೌಡರು, ಕುಂಕುಮ, ವಿಭೂತಿ, ಬಳೆ ಯಾವುದೂ ಇರಬಾರದು. ಕಣ್ಣಷ್ಟೇ ಕಾಣುವ ಬಿಳಿ ಉಡುಪು ತೊಡಬೇಕು.

ಅವಳ ಗಂಡ ಶ್ರೀಶೈಲ ಅದೇ ಕಾರ್ಖಾನೆಯಲ್ಲಿ ಲೇಥ್ ನಡೆಸುತ್ತಿದ್ದ. ಕಾಮಾಲೆಯಾಗಿ ಇಪ್ಪತ್ತು ದಿನದಲ್ಲಿ ಹೋಗಿಬಿಟ್ಟ. ಅವಳಿಗೆ ಆಗ ಮೂವತ್ಮೂರು. ಕಾರ್ಖಾನೆಯ ಮ್ಯಾನೇಜರ್ ಕೃಷ್ಣಾಜಿ ಸಾಹೇಬರು ಅವಳನ್ನು ಕರೆದು ಪ್ಯಾಕಿಂಗಿಗೆ ಹಚ್ಚಿದರು. ಅವಳ ಕಣ್ಣು ಚುರುಕೆಂದು ಕಂಡ ಮೇಲೆ ಬೆಂಗಳೂರಿಗೆ ಎರಡು ತಿಂಗಳು ತರಬೇತಿಗೆ ಕಳಿಸಿ, ಗಾಜಿನ ಖೋಲಿಯಲ್ಲಿ ಕೂಡಿಸಿದರು. ಮೊದಲ ದಿನ ಅವಳು ತನ್ನ ಕೈಗಳನ್ನೇ ದೀಪದಡಿ ಚಾಚಿ ನೋಡಿಕೊಂಡಿದ್ದಳು. ಹೊಳೆಯುವಂಥದ್ದು ಏನೂ ಇರಲಿಲ್ಲ.

ಆಮೇಲೆ ಎಂಟು ವರ್ಷ ಅವಳು ಒಳಗೆ ಒಬ್ಬಳೇ. ಗಾಜಿನಾಚೆ ಮಂದಿ ನಗುವುದು, ಬಾಯಿ ಆಡಿಸುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಗಾಳಿ ಸೋಸುವ ಯಂತ್ರದ ಗುಂಯ್‌ ಸದ್ದು ಕಿವಿಗೆ ಎಷ್ಟು ರೂಢಿಯಾಯಿತೆಂದರೆ ಸಂಜೆ ಬೈಲಹೊಂಗಲದ ಮನೆಯ ಬಾಗಿಲು ತೆಗೆದಾಗ ಆ ಸದ್ದು ಇಲ್ಲದಿರುವುದೇ ಅವಳಿಗೆ ಮೊದಲು ತಿಳಿಯುತ್ತಿತ್ತು.

ಒಂಬತ್ತನೆಯ ವರ್ಷ ಸಪ್ನಾ ಬಂದಳು. ಡಿಪ್ಲೊಮಾ ಮುಗಿಸಿದ, ಬೈಲಹೊಂಗಲದವಳೇ ಆದ ಇಪ್ಪತ್ಮೂರರ ಹುಡುಗಿ. ಕೆಲಸ ಹೆಚ್ಚಿದ್ದರಿಂದ ಮಹಾನಂದಾಳ ಕೈಕೆಳಗೆ ಕೊಟ್ಟಿದ್ದರು. ಮೊದಲ ದಿನ ಮಹಾನಂದಾ ಅವಳನ್ನು ದೀಪದ ಮುಂದೆ ನಿಲ್ಲಿಸಿ ಕನ್ನಡಿ ಹಿಡಿದಳು. ಹುಡುಗಿಯ ಬೈತಲೆ, ಗಲ್ಲ, ಕಿವಿಯ ಹಿಂಭಾಗ ಎಲ್ಲ ನೀಲಿಯಾಗಿ ಹೊಳೆದವು.

‘ಅಯ್ಯ, ದೆವ್ವದಂಗ ಕಾಣಾಕತ್ತೇನಲ್ರಿ ಅಕ್ಕಾರ’ ಎಂದು ಸಪ್ನಾ ನಕ್ಕಳು.

‘ಎರಡ ಸಲ ತೊಳಕೊಂಡ್ ಬಾ. ನಾಳಿಂದ ಮುಖಕ್ಕ ಏನೂ ಹಚ್ಚಬ್ಯಾಡ’ ಎಂದಳು ಮಹಾನಂದಾ. ಆ ಖೋಲಿಯಲ್ಲಿ ಜೊತೆಗೆ ಕೂತು ದುಡಿಯುವವರಿಗೆ ಅವಳು ಹೇಳಿದ ಮೊದಲ ಮಾತು ಅದು.

ಏಳೂಕಾಲರ ಬಸ್ಸಿನಲ್ಲಿ ಇಬ್ಬರೂ ಜೊತೆಯಾಗಿ ಹೋಗತೊಡಗಿದರು. ಸಪ್ನಾಗೆ ಮಾತು ನಿಲ್ಲುತ್ತಿರಲಿಲ್ಲ. ಮಧ್ಯಾಹ್ನ ಕಾರ್ಖಾನೆಯ ಬೇವಿನ ಮರದ ಕೆಳಗೆ ಡಬ್ಬಿ ಬಿಚ್ಚಿದರೆ, ಮಹಾನಂದಾಳ ಚಟ್ನಿ ಪುಡಿಯನ್ನು ತಾನು ತೆಗೆದುಕೊಂಡು ತನ್ನ ಬದನೆಕಾಯಿ ಎಣಗಾಯಿಯನ್ನು ಅವಳ ರೊಟ್ಟಿಗೆ ಹಾಕುತ್ತಿದ್ದಳು.

‘ಎಂಟ ವರ್ಷ ಒಬ್ಬಾಕೀನ ಒಳಗ ಹೆಂಗ ಕುಂತಿದ್ರಿ?’

‘ಕುಂತಿದ್ದೆ’ ಎಂದಳು ಮಹಾನಂದಾ.

ಈಗ ಅವಳು ಬೆಳಿಗ್ಗೆ ರೊಟ್ಟಿ ಬಡಿಯುವಾಗ ಎರಡು ಹೆಚ್ಚು ಬಡಿಯುತ್ತಿದ್ದಳು. ರವಿವಾರ ಬೇಗ ಮುಗಿಯಲಿ ಎನಿಸುತ್ತಿತ್ತು. ಒಂದು ರವಿವಾರವಂತೂ ಸಪ್ನಾ ಹಟ ಹಿಡಿದು ಅವಳನ್ನು ನವಿಲುತೀರ್ಥಕ್ಕೆ ಕರೆದುಕೊಂಡು ಹೋದಳು. ಅಣೆಕಟ್ಟಿನ ಮೇಲೆ ನಿಂತು, ಗಾಳಿಗೆ ಸೆರಗು ಹಾರದಂತೆ ಹಿಡಿದುಕೊಂಡು, ತನ್ನ ಮದುವೆ ಗೊತ್ತಾಗಿದೆಯೆಂದು ಹೇಳಿದಳು. ಹುಡುಗನ ಹೆಸರು ಮಧು. ಬೈಲಹೊಂಗಲದಲ್ಲೇ ಪಂಪ್‌ಸೆಟ್ ರಿಪೇರಿ ಮಾಡುವವನು. ಅತ್ತೆ ಕೆಂಚವ್ವ ಸ್ವಲ್ಪ ಬಿಗಿ, ಆದರೆ ನೌಕರಿ ಬಿಡು ಎನ್ನುವವಳಲ್ಲ.

ಮದುವೆ ಮುರಗೋಡದಲ್ಲಿ, ಮಠದ ಸಭಾಭವನದಲ್ಲಿ. ಮಹಾನಂದಾಳ ತವರೂ ಮುರಗೋಡವೇ. ರಾಮದುರ್ಗದ ನಾದಿನಿಯ ಕೈಯಿಂದ ಒಂದು ಕೈಮಗ್ಗದ ಸೀರೆ ತರಿಸಿಟ್ಟುಕೊಂಡು, ಉಡುಗೊರೆಯಾಗಿ ಹಿಡಿದು ಹೋದಳು. ಹಿಂದಿನ ದಿನವೇ ಹೋಗಿದ್ದರಿಂದ ಅರಿಶಿನ ಹಚ್ಚುವ ಹೊತ್ತಿಗೆ ಅಲ್ಲಿದ್ದಳು. ಎಣ್ಣೆ ಬೆರೆಸಿದ ಅರಿಶಿನದ ಬಟ್ಟಲು ಮುತ್ತೈದೆಯರ ಕೈಯಿಂದ ಕೈಗೆ ದಾಟುತ್ತಿತ್ತು. ನಡುವೆ ಮಣೆಯ ಮೇಲೆ ಕುಳಿತಿದ್ದ ಸಪ್ನಾ ಇವಳನ್ನು ಕಂಡವಳೇ, ‘ಅಕ್ಕಾರ, ನೀವೂ ಹಚ್ಚಬರ್ರಿ’ ಎಂದು ಕೂಗಿದಳು.

‘ಆಕಿ ಅಲ್ಲೇ ಕುಂತಿರ್ಲಿ ಬಿಡವಾ’ ಎಂದಳು ಯಾರೋ ಹಿರಿಯಳು. ಕೆಟ್ಟ ದನಿಯಲ್ಲೇನೂ ಅಲ್ಲ. ಮಹಾನಂದಾ ಎದ್ದೇ ಇರಲಿಲ್ಲ. ಅರ್ಧ ಎದ್ದ ಹಾಗೆ ಯಾರಿಗಾದರೂ ಕಂಡಿರಬಹುದೇ ಎಂದು ಮಾತ್ರ ಅವಳಿಗೆ ಅಳುಕಾಯಿತು. ಮರುದಿನ ಅಕ್ಷತೆ ಮುಗಿದು ಊಟಕ್ಕೆ ಕೂರುವ ಮೊದಲೇ ಬಸ್ಸು ಹಿಡಿದಳು.

ಎಂಟನೆಯ ದಿನ ಸಪ್ನಾ ಕೆಲಸಕ್ಕೆ ಬಂದಳು. ಎರಡೂ ಕೈತುಂಬ ಹಸಿರು ಗಾಜಿನ ಬಳೆ. ಮೊಣಕೈಯವರೆಗೆ ಅರಿಶಿನದ ಬಣ್ಣ ಇನ್ನೂ ಇಳಿದಿರಲಿಲ್ಲ. ದಿನಾ ಬೆಳಿಗ್ಗೆ ಅತ್ತೆ ಮತ್ತೆ ಹಚ್ಚುತ್ತಾಳಂತೆ.

‘ಅಮಾಸಿ ಮುಗಿಯೂತನಕ ಬಳಿ ತಗೀಬ್ಯಾಡ ಅಂದಾರ್ರಿ ನಮ್ಮ ಅತ್ತಿ. ಏನ್ ಮಾಡೂದು?’

ಮಾಡುವುದೇನೆಂದು ಮಹಾನಂದಾಳಿಗೆ ಗೊತ್ತಿತ್ತು. ‘ಬಳಿ ತಗಿ, ಅರಿಷಿಣ ತೊಳಕೊಂಡ್ ಬಾ’ ಎನ್ನಬೇಕು. ಲೇಥಿನ ಗಂಡಸರಿಗೆ, ಬೆಂಗಳೂರಿನಿಂದ ಬಂದ ಇಂಜಿನಿಯರುಗಳಿಗೆ, ಒಮ್ಮೆ ಸ್ವತಃ ಕೃಷ್ಣಾಜಿ ಸಾಹೇಬರಿಗೂ ಗಂಧ ಒರೆಸಿಕೊಂಡು ಬನ್ನಿ ಎಂದು ಹೇಳಿದವಳು ಅವಳು. ಈಗ ಅವಳ ಕಣ್ಣು ಆ ಹಸಿರು ಬಳೆಗಳ ಮೇಲಿತ್ತು. ಒಂಬತ್ತು ವರ್ಷದ ಹಿಂದೆ ಮುರಗೋಡದ ಮನೆಯ ಹಿತ್ತಲಲ್ಲಿ ಇಬ್ಬರು ಹೆಂಗಸರು ಅವಳ ಬಳೆ ಒಡೆದಿದ್ದರು. ಒಡೆದವರೂ ಅವಳಂಥ ವಿಧವೆಯರೇ. ಎಂಟು ದಿನದ ಮದುಮಗಳಿಗೆ ಬಳೆ ತೆಗೆ ಎನ್ನುವ ಮಾತು ತನ್ನ ಬಾಯಿಂದ ಬರಬಾರದು. ನಾಳೆ ಆ ಹುಡುಗಿಗೆ ಸಣ್ಣ ಜ್ವರ ಬಂದರೂ ಎಲ್ಲರಿಗೂ ಈ ಮಾತೇ ನೆನಪಾದೀತು. ಅವಳಿಗೂ ನೆನಪಾದೀತು.

‘ಎರಡ ದಿನ ಹೊರಗ ಕುಂತು ಕಾಗದ ಬರಿ’ ಎಂದಳು.

ಸಪ್ನಾ ಎರಡು ದಿನ ಗಾಜಿನಾಚೆ ಕುಳಿತು ಕಾಗದ ಬರೆದಳು. ಮೂರನೆಯ ದಿನ ಅರವತ್ತು ಪೀಪಿಗಳು ಸಂಜೆಯೊಳಗೆ ಗಾಡಿ ಹತ್ತಬೇಕೆಂದು ಬೆಂಗಳೂರಿನಿಂದ ಫೋನು ಬಂತು. ಮಹಾನಂದಾ ಒಬ್ಬಳೇ ನೋಡಿ ಒಬ್ಬಳೇ ಕಟ್ಟಿದರೆ ಮುಗಿಯುವ ಕೆಲಸವಲ್ಲ. ಮಧ್ಯಾಹ್ನ ಸಪ್ನಾ ಗಾಜು ಬಡಿದು ಬಾಗಿಲ ಹತ್ತಿರ ಬಂದಳು.

‘ಬಳಿ ಮ್ಯಾಲೆ ಪಟ್ಟಿ ಬಿಗಿದು ಸುತ್ತೇನ್ರಿ. ಎರಡ ಜೋಡಿ ಗ್ಲೌಸ್ ಹಾಕ್ಕೊಂಡೇನಿ. ನೀವು ನೋಡಿ ಕೊಡ್ರಿ, ನಾ ಬರೇ ಚೀಲದಾಗ ಹಾಕ್ತೇನಿ. ಒಳಗ ಬರ್ಲ್ಯಾ?’

ಒಳಗೆ ಬಿಡುವ ಮೊದಲು ಬರಿಗೈಗಳನ್ನು ದೀಪದಡಿ ಹಿಡಿಸಿ ನೋಡಬೇಕೆಂಬುದು ನಿಯಮ. ಹಿಡಿಸಿದರೆ ಅರಿಶಿನ ಕಂಡೇ ಕಾಣುತ್ತದೆ. ಕಂಡ ಮೇಲೆ ಹೇಳದೆ ವಿಧಿಯಿಲ್ಲ.

‘ಬಾ’ ಎಂದಳು ಮಹಾನಂದಾ. ದೀಪದ ಕಡೆ ತಿರುಗಿ ನೋಡಲಿಲ್ಲ.

ಐದೂವರೆಗೆ ಕೆಲಸ ಮುಗಿಯಿತು. ಆರಕ್ಕೆ ಗಾಡಿ ಹೊರಟಿತು. ಬಸ್ಸಿನಲ್ಲಿ ಸಪ್ನಾ ಅವಳ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದಳು. ಆ ಭಾರಕ್ಕೆ ಮಹಾನಂದಾ ಬೈಲಹೊಂಗಲದ ತನಕ ಅಲುಗಾಡದೆ ಕುಳಿತಳು.

ಮರುದಿನ ಸಪ್ನಾ ರಜೆಯಲ್ಲಿದ್ದಳು, ಅತ್ತೆಯ ಜೊತೆ ಸವದತ್ತಿಯ ಗುಡ್ಡಕ್ಕೆ ಹೋಗುವುದಿತ್ತು. ಮಹಾನಂದಾ ಎಂದಿನಂತೆ ಖೋಲಿಯ ಬೆಳಕು ಆರಿಸಿ, ನೇರಳೆ ದೀಪ ಹಚ್ಚಿ, ಮೇಜು, ಚಿಮಟ, ತಟ್ಟೆಗಳನ್ನು ಒಂದೊಂದಾಗಿ ನೋಡತೊಡಗಿದಳು. ಕಟ್ಟುವ ಕಡೆಯ ತಟ್ಟೆಯ ಅಂಚಿನಲ್ಲಿ ಹಸಿರು ಬೆರೆತ ಹಳದಿ ಗೆರೆಯೊಂದು ಹೊಳೆಯುತ್ತಿತ್ತು. ಬುಟ್ಟಿಯಲ್ಲಿದ್ದ ಸಪ್ನಾಳ ಗ್ಲೌಸುಗಳನ್ನು ಎತ್ತಿ ನೋಡಿದಳು. ಮಣಿಕಟ್ಟಿನ ಬಳಿ, ಪಟ್ಟಿಯಡಿ ಒಡೆದ ಬಳೆಯ ಚೂರು ತಾಗಿ ಎರಡೂ ಪದರ ಸೀಳಿದ್ದವು. ಸೀಳಿನ ಸುತ್ತ ಅದೇ ಹಳದಿ.

ಅವಳು ಕತ್ತಲಲ್ಲಿ ಸ್ಟೂಲಿನ ಮೇಲೆ ಕುಳಿತಳು. ಚೀಲದಲ್ಲಿ ಹಾಕಿದ ಮೇಲೆ ಪೀಪಿಗಳನ್ನು ಯಾರೂ ನೋಡಿರಲಿಲ್ಲ. ಕಾಗದದ ಮೇಲೆ ಅವಳ ಸಹಿಯಿತ್ತು. ತಟ್ಟೆಯನ್ನು ಒರೆಸಿ, ಗ್ಲೌಸನ್ನು ಸುಡುವ ಬುಟ್ಟಿಗೆ ಹಾಕಿದರೆ ಮುಗಿಯಿತು. ಹಾಗೆ ಎಷ್ಟು ಹೊತ್ತು ಕುಳಿತಳೋ. ಗಾಜಿನಾಚೆ ಪಾಲಿಶಿನ ಲಕ್ಕಪ್ಪ ಬಂದು, ಒಳಗೆ ಕತ್ತಲೆ ಯಾಕೆಂದು ಕೈ ಮಾಡಿ ಕೇಳಿದಾಗ ಎದ್ದಳು. ತಟ್ಟೆಯನ್ನೂ ಗ್ಲೌಸನ್ನೂ ಒಂದು ಚೀಲದಲ್ಲಿಟ್ಟುಕೊಂಡು ಕೃಷ್ಣಾಜಿ ಸಾಹೇಬರ ಖೋಲಿಗೆ ಹೋದಳು.

ಕೃಷ್ಣಾಜಿಯವರು ಎಲ್ಲ ಕೇಳಿ ಕನ್ನಡಕ ತೆಗೆದಿಟ್ಟರು. ‘ಪೀಪಿಗೆ ಹತ್ತೇದ ಅಂತ ಖಾತ್ರಿ ಅದ ಏನು?’

‘ಇಲ್ರಿ. ಹತ್ತಿಲ್ಲ ಅಂತನೂ ಖಾತ್ರಿ ಇಲ್ಲ.’

‘ಅಲ್ಲಿ ಮತ್ತೊಮ್ಮೆ ನೋಡೇ ನೋಡ್ತಾರ, ಮಹಾನಂದಾ ಅವರ. ಈಗ ನಾವಾಗೇ ಹೇಳಿದ್ವಿ ಅಂದ್ರ ಎಲ್ಲಾ ನಿಲ್ಲಸ್ತಾರ. ಹದಿನೈದ ದಿನ ಹೋದ್ವು ಅನ್ರಿ.’

‘ನೋಡ್ತಾರೋ ಬಿಡ್ತಾರೋ ನನಗ ಗೊತ್ತಿಲ್ರಿ ಸಾಹೇಬ್ರ. ನಾ ನೋಡೇನಿ ಅಂತ ಸಹಿ ಮಾಡೇನಿ. ಆ ಸಹಿ ಸುಳ್ಳ ಐತಿ.’

ಕೃಷ್ಣಾಜಿಯವರು ಕನ್ನಡಕ ಮತ್ತೆ ಏರಿಸಿಕೊಂಡರು. ಆಮೇಲೆ ಫೋನು ಎತ್ತಿದರು.

ನಾಲ್ಕನೆಯ ದಿನ ಪೆಟ್ಟಿಗೆ ಬಿಚ್ಚದೆಯೇ ಮರಳಿ ಬಂತು. ಬೆಂಗಳೂರಿನಿಂದ ಇಬ್ಬರು ಅಧಿಕಾರಿಗಳೂ ಬಂದರು. ಎಲ್ಲರ ಎದುರು ಮಹಾನಂದಾ ಚೀಲ ಕತ್ತರಿಸಿ ಅರವತ್ತನ್ನೂ ದೀಪದಡಿ ಹಿಡಿದಳು. ಐವತ್ತಾರು ಕಪ್ಪಗೆ ಉಳಿದವು. ನಾಲ್ಕು ಹೊಳೆದವು. ಒಂದರಲ್ಲಂತೂ ಬಣ್ಣ ತೂತಿನೊಳಗೇ ಕುಳಿತಿತ್ತು.

ವರದಿಯಲ್ಲಿ ತಪ್ಪು ಯಾರದೆಂದು ಬರೆಯುವ ಜಾಗವಿತ್ತು. ಅಧಿಕಾರಿಗಳು ಹೊಸ ಹುಡುಗಿಯ ಹೆಸರು ಕೇಳಿದರು. ಮಹಾನಂದಾ ಪೆನ್ನು ತೆಗೆದುಕೊಂಡು, ಒಳಗೆ ಬಿಡುವ ಮುನ್ನ ಕೈ ನೋಡಬೇಕಾದವಳು ತಾನು, ನೋಡಲಿಲ್ಲ ಎಂದು ಬರೆದಳು. ಕಾರಣದ ಜಾಗ ಖಾಲಿ ಬಿಟ್ಟಳು. ಅವರು ಹೋದ ಮೇಲೆ ಕೃಷ್ಣಾಜಿಯವರು ಮೆಲ್ಲಗೆ ಕೇಳಿದರು, ‘ಯಾಕ ನೋಡಲಿಲ್ರಿ? ನೀವು ನನ್ನನ್ನ ಸುದ್ದಾ ಬಿಟ್ಟವರಲ್ಲ.’

‘ಹೊಸಾ ಮದುಮಗಳಿಗೆ ಬಳಿ ತಗಿ ಅಂತ ನಾ ಹೆಂಗ ಅನ್ಲಿರಿ?’

ಕೃಷ್ಣಾಜಿಯವರ ತಾಯಿ ಸುಂದರಾಬಾಯಿ ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವರೆಂದು ಕಾರ್ಖಾನೆಯಲ್ಲಿ ಕೆಲವರಿಗೆ ಗೊತ್ತಿತ್ತು. ಕೃಷ್ಣಾಜಿಯವರು ಕಾಗದ ಮಡಚಿ ಇಟ್ಟುಕೊಂಡರು.

ಮಹಾನಂದಾಳ ಸಹಿಯ ಅಧಿಕಾರವನ್ನು ಆರು ತಿಂಗಳು ಹಿಂತೆಗೆದುಕೊಂಡರು. ಅವಳನ್ನು ಸ್ಟೋರಿಗೆ ಹಾಕಿದರು. ಕೆಲಸ ಹದಿನೈದಲ್ಲ, ಇಪ್ಪತ್ತೆರಡು ದಿನ ನಿಂತಿತು. ‘ಬಾಯಿ ಮುಚ್ಕೊಂಡ್ ಕುಂತಿದ್ರ ಯಾರಿಗೆ ತಿಳೀತಿತ್ತು’ ಎಂದು ಲಕ್ಕಪ್ಪ ಅವಳಿಗೆ ಕೇಳಿಸುವಂತೆಯೇ ಅಂದ. ಬೇವಿನ ಮರದ ಕೆಳಗೆ ಅವಳು ಬಂದು ಕುಳಿತರೆ ಉಳಿದವರು ಬೇಗ ಡಬ್ಬಿ ಮುಚ್ಚುತ್ತಿದ್ದರು.

ಸಪ್ನಾಳನ್ನು ಯಾರೂ ತೆಗೆದುಹಾಕಲಿಲ್ಲ. ಆದರೆ ಸುದ್ದಿ ಬೈಲಹೊಂಗಲ ಮುಟ್ಟುವಷ್ಟರಲ್ಲಿ, ಸೊಸೆಯ ಅರಿಶಿನದಿಂದ ಕಾರ್ಖಾನೆಗೆ ಕೇಡಾಯಿತಂತೆ ಎಂದಾಗಿತ್ತು. ಅಂಥ ಮಾತು ಹುಟ್ಟಿದ ಕಡೆ ಮನೆಯ ಸೊಸೆ ದುಡಿಯುವುದು ಬೇಡವೆಂದಳು ಕೆಂಚವ್ವ. ರಾಜೀನಾಮೆ ಕೊಡಲು ಬಂದ ದಿನ ಸಪ್ನಾ ಕಿತ್ತೂರಿನ ಬಸ್ ನಿಲ್ದಾಣದಲ್ಲಿ ಮಹಾನಂದಾಳಿಗಾಗಿ ಕಾದು ನಿಂತಿದ್ದಳು.

‘ನೀವು ಒಂದ ಮಾತ ಅಂದಿದ್ರ ನಾ ಬಳಿ ತಗೀತಿದ್ದೆ’ ಎಂದಳು. ‘ಅತ್ತಿಗೆ ಹೇಳದನ ತಗೀತಿದ್ದೆ. ಸಂಜೀಕ ಮತ್ತ ಹಾಕ್ಕೊಂತಿದ್ದೆ.’

‘ಗೊತ್ತೈತಿ.’

‘ಮತ್ಯಾಕ ಅನ್ನಲಿಲ್ರಿ?’

‘ನನ್ನ ಬಾಯಿಂದ ಬರಬಾರದು ಅನ್ಕೊಂಡೆ, ತಂಗಿ.’

ಸಪ್ನಾ ಅವಳನ್ನೇ ನೋಡಿದಳು. ಸಿಟ್ಟಿತ್ತು, ಕಣ್ಣಲ್ಲಿ ನೀರೂ ಇತ್ತು. ‘ನಿಮ್ಮ ಮಾತಿನಿಂದ ನನಗ ಕೆಟ್ಟ ಆಗ್ತೈತಿ ಅಂತ ನಾ ಯಾವತ್ತರೆ ಅಂದೇನ್ರಿ? ಅರಿಷಿಣ ಹಚ್ಚಾಕ ನಾನ ಕರದಿದ್ದೆ ನಿಮ್ಮನ್ನ. ನೀವ ಏಳಲಿಲ್ಲ.’

ಬಸ್ಸು ಬಂತು. ಸಪ್ನಾ ಮುಂದಿನ ಬಾಗಿಲಿನಿಂದ ಹತ್ತಿ ಚಾಲಕನ ಹಿಂದೆ ಕುಳಿತಳು. ಮಹಾನಂದಾ ಹಿಂದೆ ಹತ್ತಿದಳು. ಬೈಲಹೊಂಗಲದಲ್ಲಿ ಇಳಿಯುವಾಗ ಗದ್ದಲದಲ್ಲಿ ಹುಡುಗಿ ಯಾವ ಕಡೆ ಹೋದಳೆಂದು ತಿಳಿಯಲಿಲ್ಲ.

ಆರು ತಿಂಗಳು ಅವಳು ಸ್ಟೋರಿನಲ್ಲಿ ಬೋಲ್ಟು, ಬಟ್ಟೆ, ಸಾಬೂನು ಕೊಡುತ್ತ ಕಳೆದಳು. ರೊಟ್ಟಿ ಬಡಿಯುವಾಗ ಒಮ್ಮೊಮ್ಮೆ ಕೈ ತಪ್ಪಿ ಹೆಚ್ಚಾಗುತ್ತಿತ್ತು. ಮಿಕ್ಕದ್ದನ್ನು ರಾತ್ರಿ ಅವಳೇ ಮುರಿದು ಒಗ್ಗರಣೆ ಹಾಕಿಕೊಂಡು ತಿನ್ನುತ್ತಿದ್ದಳು. ಅವಳ ಜಾಗಕ್ಕೆ ಹುಬ್ಬಳ್ಳಿಯಿಂದ ಬಂದವನು ಗಾಜಿನ ಖೋಲಿಯಲ್ಲಿ ಮೂರು ತಿಂಗಳೂ ನಿಲ್ಲಲಿಲ್ಲ. ಒಳಗೆ ತಲೆ ಕೆಟ್ಟಂತಾಗುತ್ತದೆ ಎಂದು ಹೇಳಿ ಹೋದನಂತೆ. ಅವಧಿ ಮುಗಿದ ದಿನ ಕೃಷ್ಣಾಜಿಯವರೇ ಸ್ಟೋರಿಗೆ ಬಂದು, ‘ನಡೀರಿ, ನಿಮ್ಮ ಖೋಲಿ ಖಾಲಿ ಬಿದ್ದದ’ ಎಂದರು.

ಆ ಚಳಿಗಾಲದಲ್ಲಿ ಎಂಜಿನ್ನಿನ ಪರೀಕ್ಷೆಯಾಯಿತು. ಕ್ಯಾಂಟೀನಿನ ಟಿವಿಯಲ್ಲಿ ತೋರಿಸಿದರು. ಕಬ್ಬಿಣದ ಕಟ್ಟೆಗೆ ಬಿಗಿದ ಎಂಜಿನ್ನಿನ ಬಾಯಿಂದ ಬೆಂಕಿ ನೆಟ್ಟಗೆ, ಅಲುಗದೆ ನಿಂತಿತ್ತು. ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಕೃಷ್ಣಾಜಿಯವರು ಪೇಢೆ ಹಂಚಿದರು.

‘ನಮ್ಮ ಪೀಪಿ ಇದರಾಗಿದ್ವು ಏನ್ರಿ?’ ಎಂದು ಮಹಾನಂದಾ ಕೇಳಿದಳು.

‘ಅವರು ಅದನ್ನ ಹೇಳೂದಿಲ್ಲ’ ಎಂದರು. ‘ಇರಬಹುದು.’

ಲಕ್ಕಪ್ಪ ಇನ್ನೊಂದು ಪೇಢೆ ಅವಳ ಕೈಗೆ ಹಾಕಿ ಹೋದ.

ಮಹಾಶಿವರಾತ್ರಿಗೆ ಮುಂಚೆ ನಾದಿನಿ ಕೃಷ್ಣವ್ವನಿಗೆ ಮೈ ಸರಿಯಿಲ್ಲವೆಂದು ತಿಳಿದು ಮಹಾನಂದಾ ರಾಮದುರ್ಗಕ್ಕೆ ಹೊರಟಳು. ಯರಗಟ್ಟಿಯಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ. ಕಿಟಕಿಯ ಹೊರಗೆ ಹಣ್ಣಿನ ಗಾಡಿಯ ಹತ್ತಿರ ನಿಂತವಳು ಸಪ್ನಾ. ತುಂಬು ಬಸುರಿ. ಇವಳನ್ನು ಕಂಡು ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ಕಿಟಕಿಯ ಕೆಳಗೆ ಬಂದಳು.

‘ಇಲ್ಲೇ ಅದೇವ್ರಿ ಈಗ. ಅವರ ಅಂಗಡಿ ಇಲ್ಲಿಗೆ ತಂದಾರ.’

‘ಹುಷಾರದೀಯಿಲ್ಲೋ?’

‘ಅದೇನ್ರಿ. ಟಿವ್ಯಾಗ ನೋಡಿದೆ, ಎಂಜಿನ್ ಹೊತ್ತಿದ್ದು. ನಮ್ಮತ್ತಿಗೂ ತೋರಿಸಿದೆ.’ ಕಿಟಕಿಯ ಸರಳು ಹಿಡಿದು, ‘ಒಳಗ ನಿಮ್ಮ ಜೋಡಿ ಯಾರದಾರ ಈಗ?’ ಎಂದಳು.

‘ಯಾರೂ ಇಲ್ಲ. ನಾನ.’

ಕಂಡಕ್ಟರು ಸೀಟಿ ಊದಿದ. ಸಪ್ನಾ ಅವಸರದಲ್ಲಿ ಕೈಚೀಲಕ್ಕೆ ಕೈಹಾಕಿ ಎರಡು ಪೇರಲ ಹಣ್ಣು ತೆಗೆದು ಕಿಟಕಿಯ ಸರಳುಗಳ ನಡುವೆ ತೂರಿಸಿದಳು. ಮಹಾನಂದಾ ಹಿಡಿದುಕೊಂಡಳು. ‘ಹೆರಿಗಿ ಆದಮ್ಯಾಲ ತಿಳಸ್ತೇನಿ, ಬರ್ರಿ’ ಎಂದದ್ದು ಬಸ್ಸಿನ ಸದ್ದಿನಲ್ಲಿ ಅರ್ಧ ಕೇಳಿತು. ಬರುತ್ತೇನೆಂದು ಇವಳು ಹೇಳಿದ್ದು ಅವಳಿಗೆ ಕೇಳಿತೋ ಇಲ್ಲವೋ.

ಊರು ದಾಟಿತು. ಎರಡೂ ಬದಿಗೆ ಕಡಲೆಯ ಹೊಲಗಳು ಕಟಾವಾಗಿ ಬರಿದಾಗಿದ್ದವು. ಪಕ್ಕದ ಸೀಟು ಖಾಲಿಯಿತ್ತು. ಮಹಾನಂದಾ ಒಂದು ಹಣ್ಣನ್ನು ಸೆರಗಿನಿಂದ ಒರೆಸಿ ಕಚ್ಚಿದಳು. ಇನ್ನೂ ಪೂರ್ತಿ ಹಣ್ಣಾಗಿರಲಿಲ್ಲ, ಒಗರು. ಕಟಕೋಳ ಬರುವವರೆಗೆ ಸ್ವಲ್ಪ ಸ್ವಲ್ಪವಾಗಿ, ಬೀಜ ಸಮೇತ, ಪೂರ್ತಿ ತಿಂದಳು.